ಕಚ್ಚಿದರೆ ಹಲ್ಲು ಮುರಿಯುವ ಬಾಳೆಹಣ್ಣು: ಮರದಲ್ಲಿ ತಮಾಷೆ ಕೆತ್ತುವವರಿಗೊಂದು ಸಮಗ್ರ ಮಾರ್ಗದರ್ಶಿ

ಇಂಗ್ಲೆಂಡಿನ ಕೆತ್ತನೆಗಾರ ಗ್ರಿನ್‌ಲಿಂಗ್ ಗಿಬ್ಬನ್ಸ್ 1690ರ ಸುಮಾರಿಗೆ ಲೇಸಿನ ಕೊರಳಪಟ್ಟಿಯೊಂದನ್ನು ಲಿಂಡೆನ್ ಮರದಲ್ಲಿ ಕೆತ್ತಿದ. ಲೇಸಿನ ತೂತುಗಳು, ಮಡಿಕೆಗಳು, ಅಂಚಿನ ಕುಸುರಿ ಎಲ್ಲವೂ ಅದರಲ್ಲಿದೆ. ಸುಮಾರು 80 ವರ್ಷಗಳ ನಂತರ ಅದು ಲೇಖಕ ಹೊರೇಸ್ ವಾಲ್ಪೋಲನ ಕೈ ಸೇರಿತ್ತು. 1769ರಲ್ಲಿ ಒಮ್ಮೆ ತನ್ನ ಮನೆಗೆ ವಿದೇಶಿ ಅತಿಥಿಗಳು ಬಂದಾಗ ಆತ ಈ ಮರದ ಕೊರಳಪಟ್ಟಿಯನ್ನೇ ಕಟ್ಟಿಕೊಂಡು ಬಾಗಿಲಲ್ಲಿ ನಿಂತು ಅವರನ್ನು ಬರಮಾಡಿಕೊಂಡ. ಇಂಗ್ಲೆಂಡಿನ ಹಳ್ಳಿಗಾಡಿನ ಶ್ರೀಮಂತರ ಉಡುಪೇ ಹೀಗಿರುತ್ತದೆಂದು ಅವರ ಜೊತೆ ಬಂದ ಫ್ರೆಂಚ್ ಸೇವಕರು ನಂಬಿಬಿಟ್ಟರು ಎಂದು ಅವನೇ ಪತ್ರವೊಂದರಲ್ಲಿ ಬರೆದುಕೊಂಡಿದ್ದಾನೆ. ಆ ಕೊರಳಪಟ್ಟಿ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ.

ಗಿಬ್ಬನ್ಸ್ ಅದನ್ನು ಕೆತ್ತುವಾಗ ತುಟಿಯಂಚಿನಲ್ಲೂ ನಕ್ಕಿರಲಾರ ಎಂದು ನನ್ನ ಊಹೆ. ಲೇಸನ್ನು ಲೇಸಿನಷ್ಟೇ ಗಂಭೀರವಾಗಿ ಕೆತ್ತಿದ, ಅಷ್ಟೇ. ಹಾಗೆ ಕೆತ್ತಿದ್ದರಿಂದಲೇ ಎಂಟು ದಶಕಗಳ ನಂತರ ಮತ್ತೊಬ್ಬನಿಗೆ ಅದನ್ನು ಕೊರಳಿಗೆ ಕಟ್ಟಿಕೊಂಡು ನಗಿಸಲು ಸಾಧ್ಯವಾಯಿತು. ತಿನಿಸುಗಳನ್ನೂ ದಿನಬಳಕೆಯ ವಸ್ತುಗಳನ್ನೂ ಮರದಲ್ಲಿ ಕೆತ್ತಿ ನಗಿಸಬೇಕೆನ್ನುವವರಿಗೆ ನಾನು ಮೊದಲು ಹೇಳುವ ಮಾತೂ ಇದೇ: ಉಳಿದೆಲ್ಲ ಕಡೆ ಸತ್ಯವನ್ನೇ ಕೆತ್ತಿ, ಒಂದೇ ಒಂದು ಕಡೆ ಸುಳ್ಳು ಹೇಳಿ.

ಈ ಬರಹದಲ್ಲಿ ನಾವು ಕೆತ್ತಲಿರುವುದು ಅರ್ಧ ಸುಲಿದು ಒಂದು ಸಲ ಕಚ್ಚಿದ ಬಾಳೆಹಣ್ಣು. ಸಿಪ್ಪೆ ಸಿಪ್ಪೆಯಂತೆ, ತೊಟ್ಟು ತೊಟ್ಟಿನಂತೆ ಇರುತ್ತದೆ. ಕಚ್ಚಿದ ಜಾಗದಲ್ಲಿ ಮಾತ್ರ ಹಣ್ಣಿನ ತಿರುಳಿನ ಬದಲು ಮರದ ಬೆಳವಣಿಗೆಯ ಉಂಗುರಗಳು ಕಾಣುತ್ತವೆ. ಯಾರೋ ಪಾಪದವರು ಕಚ್ಚಿ ನೋಡಿ, ಮೋಸ ಹೋದದ್ದು ತಿಳಿದು, ಸದ್ದಿಲ್ಲದೆ ಇಟ್ಟು ಹೋಗಿದ್ದಾರೆ.

ಮೊದಲು ತಮಾಷೆ, ಆಮೇಲೆ ಮರ

ಉಳಿ ಹಿಡಿಯುವ ಮೊದಲು ಕಾಗದದ ಮೇಲೆ ಒಂದೇ ವಾಕ್ಯದಲ್ಲಿ ತಮಾಷೆಯನ್ನು ಬರೆಯಿರಿ. ‘ಬಿಸಿಲಿಗೆ ಕರಗಿ ಮೇಜಿನ ಅಂಚಿನಿಂದ ಇಳಿಯುತ್ತಿರುವ ಚಮಚ.’ ‘ಗಂಟು ಹಾಕಿದ ಪೆನ್ಸಿಲ್.’ ‘ಒಗೆದು ಒಣಹಾಕಿದ ಆಮ್ಲೆಟ್.’ ಒಂದು ವಾಕ್ಯಕ್ಕೆ ‘ಮತ್ತು’ ಬೇಕಾಯಿತೆಂದರೆ ತಮಾಷೆ ಎರಡಾಗಿದೆ ಎಂದರ್ಥ. ಒಂದನ್ನು ಹೊಡೆದು ಹಾಕಿ.

ಯಾವ ವಸ್ತು ಮರದಲ್ಲಿ ನಗು ತರಿಸುತ್ತದೆ? ಮರಕ್ಕೆ ಆಗದ ಗುಣ ಯಾವುದರಲ್ಲಿದೆಯೋ ಅದು. ಮೆತ್ತಗಿರುವುದು, ಕರಗುವುದು, ಜೋತುಬೀಳುವುದು, ಸುಕ್ಕಾಗುವುದು, ಒದ್ದೆಯಾಗಿರುವುದು. ಬೆಣ್ಣೆ, ಬ್ರೆಡ್ಡು, ಕಾಲುಚೀಲ, ಮುದುಡಿದ ಕಾಗದ, ಹಿಂಡಿದ ಟೂತ್‌ಪೇಸ್ಟ್ ಟ್ಯೂಬು ಇವೆಲ್ಲ ಒಳ್ಳೆಯ ಆಯ್ಕೆಗಳು. ಮೊದಲೇ ಮರದ್ದಾಗಿರುವ ಲಟ್ಟಣಿಗೆಯನ್ನು ಮರದಲ್ಲಿ ಕೆತ್ತಿದರೆ ಅದು ಲಟ್ಟಣಿಗೆಯೇ ಆಗುತ್ತದೆ. ವೆನಿಸ್ಸಿನ ಶಿಲ್ಪಿ ಲಿವಿಯೊ ಡಿ ಮಾರ್ಕಿ ಮರದಲ್ಲಿ ಬಟ್ಟೆಗಳನ್ನೂ ಪುಸ್ತಕಗಳನ್ನೂ ಕೆತ್ತಿದ್ದಾರೆ. ಮರದ ಕಾರು ಕೆತ್ತಿ ಅದನ್ನು ವೆನಿಸ್ಸಿನ ಕಾಲುವೆಗಳಲ್ಲಿ ತೇಲಿಸಿಯೂ ಇದ್ದಾರೆ. ಅಮೆರಿಕದ ರ‍್ಯಾಂಡಲ್ ರೋಸೆಂತಾಲ್ ಪೈನ್ ಮರದ ಒಂದೇ ದಿಮ್ಮಿಯಲ್ಲಿ ನೋಟಿನ ಕಂತೆಗಳನ್ನೂ ಪತ್ರಿಕೆಗಳ ರಾಶಿಯನ್ನೂ ಕೆತ್ತಿ ಬಣ್ಣ ಹಚ್ಚುತ್ತಾರೆ. ಕಾಗದವಾಗಲು ಹೋಗಬೇಕಿದ್ದ ಮರ ಕಾಗದದ ವೇಷವನ್ನಷ್ಟೇ ತೊಟ್ಟು ನಿಂತಿರುವುದು ನೋಡುವವರಿಗೆ ಮೋಜು.

ಗಾತ್ರದ ಬಗ್ಗೆಯೂ ಈಗಲೇ ತೀರ್ಮಾನಿಸಿ. ಕಣ್ಣನ್ನು ಮೋಸಗೊಳಿಸಬೇಕಿದ್ದರೆ ವಸ್ತು ನಿಜವಾದ ಅಳತೆಯಲ್ಲೇ ಇರಬೇಕು. ಇಲ್ಲವಾದರೆ ನಾಚಿಕೆ ಬಿಟ್ಟು ದೊಡ್ಡದು ಮಾಡಿ. ಅಮೆರಿಕದ ಶಿಲ್ಪಿ ಕ್ಲಾಸ್ ಓಲ್ಡನ್‌ಬರ್ಗ್ ಬಟ್ಟೆ ಒಣಹಾಕುವ ಕ್ಲಿಪ್ಪನ್ನು ಉಕ್ಕಿನಲ್ಲಿ 45 ಅಡಿ ಎತ್ತರ ಮಾಡಿ 1976ರಲ್ಲಿ ಫಿಲಡೆಲ್ಫಿಯಾ ನಗರದ ನಡುವೆ ನಿಲ್ಲಿಸಿದರು. ನಿಜಕ್ಕಿಂತ ಒಂದೂವರೆ ಪಟ್ಟು ದೊಡ್ಡದು ಮಾತ್ರ ಎಲ್ಲಿಗೂ ಸಲ್ಲುವುದಿಲ್ಲ. ಅದು ಅಳತೆ ತಪ್ಪಿದ ಕೆಲಸದಂತೆ ಕಾಣುತ್ತದೆ.

ಕೊನೆಯದಾಗಿ ಒಂದು ಬೇಡಿಕೆ: ದಯವಿಟ್ಟು ಅದಕ್ಕೆ ಕಣ್ಣು, ಬಾಯಿ, ಮೀಸೆ ಹಚ್ಚಬೇಡಿ. ನಾನು ಹಚ್ಚಿದ್ದೇನೆ. ನನ್ನ ಮೊದಲ ಟೂತ್‌ಪೇಸ್ಟ್ ಟ್ಯೂಬು ಅಳುಮುಖ ಮಾಡಿಕೊಂಡು ಈಗಲೂ ಕಪಾಟಿನ ಹಿಂದೆ ಬಿದ್ದಿದೆ. ಮುಖ ಬಂದ ಕೂಡಲೇ ಅದು ಮಕ್ಕಳ ಗೊಂಬೆಯಾಯಿತು. ಟ್ಯೂಬಿನ ಸುಕ್ಕುಗಳಿಗಾಗಿ ನಾನು ಸವೆಸಿದ ಎರಡು ವಾರ ಯಾರ ಕಣ್ಣಿಗೂ ಬೀಳಲಿಲ್ಲ.

ಮರ

ಕೈಕೆತ್ತನೆಗೆ ಬೇಕಾದುದು ಮೆದುವಾದ, ಸಣ್ಣ ನಾರಿನ, ಗಂಟಿಲ್ಲದ, ತಿಳಿ ಬಣ್ಣದ ಮರ. ಲಿಂಡೆನ್ ಮತ್ತು ಅದರ ಅಮೆರಿಕದ ಸೋದರ ಬಾಸ್‌ವುಡ್ ಈ ಕೆಲಸಕ್ಕೆ ಹೇಳಿ ಮಾಡಿಸಿದವು. ಉಳಿ ಯಾವ ದಿಕ್ಕಿನಿಂದ ಬಂದರೂ ಹೆಚ್ಚು ತಕರಾರು ಮಾಡುವುದಿಲ್ಲ. ಪೈನ್ ಅಗ್ಗ, ಆದರೆ ಅದರ ಹಲವು ಜಾತಿಗಳಲ್ಲಿ ಒಂದು ಪಟ್ಟಿ ಮೆದು, ಪಕ್ಕದ್ದು ಗಟ್ಟಿ. ಮೆದುವಿನಲ್ಲಿ ಜಾರಿದ ಉಳಿ ಗಟ್ಟಿಯಲ್ಲಿ ತಡೆಯುತ್ತದೆ. ತೇಗ ಚೆಂದವೇನೋ ಸರಿ, ಆದರೆ ಅದರೊಳಗಿನ ಸಿಲಿಕಾ ಉಳಿಯ ಬಾಯನ್ನು ಬೇಗ ಮೊಂಡು ಮಾಡುತ್ತದೆ.

ಬಣ್ಣ ಹಚ್ಚುವ ಬದಲು ಮರದ ಸ್ವಂತ ಬಣ್ಣವನ್ನೇ ನಂಬುವವರಿಗೆ ಒಂದು ಎಚ್ಚರಿಕೆ. ಹಲಸಿನ ಮರ ಕೊಯ್ದ ಹೊಸದರಲ್ಲಿ ಎಂಥ ಹಳದಿ ಎಂದರೆ ಚೀಸ್ ಕೆತ್ತಲು ಇದೇ ಸರಿ ಎನಿಸುತ್ತದೆ. ಬೆಳಕು ತಾಗುತ್ತ ಹೋದಂತೆ ಅದು ಕಂದು ಬಣ್ಣಕ್ಕೆ ತಿರುಗುತ್ತದೆ. ಇಂದಿನ ಚೀಸ್ ಕೆಲವು ವರ್ಷಗಳಲ್ಲಿ ಬೆಲ್ಲವಾಗಿರುತ್ತದೆ.

ಮರ ಒಣಗಿರಬೇಕು. ಹಲಗೆಯ ದಪ್ಪ ಪ್ರತಿ 25 ಮಿ.ಮೀ.ಗೆ ನೆರಳಿನಲ್ಲಿ ಒಂದು ವರ್ಷ ಎಂಬುದು ಬಡಗಿಗಳ ಹಳೆಯ ಲೆಕ್ಕ. ಹಸಿ ಮರ ಕೆತ್ತಲು ಬೆಣ್ಣೆಯಂತಿರುತ್ತದೆ ನಿಜ. ಆದರೆ ಒಣಗುವಾಗ ಅದು ಉಂಗುರದ ಸುತ್ತಳತೆಯ ದಿಕ್ಕಿನಲ್ಲಿ ಕುಗ್ಗುವುದು ತಿರುಳಿನಿಂದ ತೊಗಟೆಯ ಕಡೆಗಿನ ದಿಕ್ಕಿಗಿಂತ ಸುಮಾರು ಎರಡು ಪಟ್ಟು. ಈ ಜಗಳದಲ್ಲಿ ಬಿರಿಯುವುದು ನಿಮ್ಮ ಬಾಳೆಹಣ್ಣು. ಕಾಂಡದ ನಟ್ಟನಡುವಿನ ತಿರುಳು ದಿಮ್ಮಿಯಲ್ಲಿ ಇರಲೇಬಾರದು, ಬಿರುಕು ಶುರುವಾಗುವುದು ಅಲ್ಲಿಂದಲೇ.

ಗಂಟಿರುವ ಹಲಗೆಯನ್ನು ಎಸೆಯಬೇಡಿ. ದುಂಡನೆಯ ಗಂಟೊಂದು ಸಿಕ್ಕರೆ ಅದರ ಸುತ್ತ ಬಾಣಲೆಯಲ್ಲಿ ಹರಡಿದ ಮೊಟ್ಟೆಯೊಂದನ್ನು ಕೆತ್ತಿ. ಗಂಟೇ ಮೊಟ್ಟೆಯ ನಡುವಿನ ಹಳದಿ. ನಾನು ಮಾಡಿದ ಕೆಲಸಗಳಲ್ಲಿ ಅತಿ ಕಡಿಮೆ ಶ್ರಮಕ್ಕೆ ಅತಿ ಹೆಚ್ಚು ಹೊಗಳಿಕೆ ತಂದದ್ದು ಅದು.

ಉಳಿಗಳು ಮತ್ತು ಬೆರಳುಗಳು

ಇಪ್ಪತ್ತು ಉಳಿಗಳ ಪೆಟ್ಟಿಗೆ ಕೊಳ್ಳುವ ಆಸೆ ಎಲ್ಲರಿಗೂ ಆಗುತ್ತದೆ. ಬೇಕಿರುವುದು ಐದು: ಚಿಕ್ಕ ಬಾಯಿಯ ಕೆತ್ತನೆ ಚಾಕು ಒಂದು, ದುಂಡುಳಿಗಳು ಮೂರು, ವಿ ಆಕಾರದ ಬಾಯಿಯ ಉಳಿ ಒಂದು. ದುಂಡುಳಿಗಳ ಮೇಲೆ ಇರುವ ಸಂಖ್ಯೆ ಬಾಯಿಯ ಬಾಗು ಎಷ್ಟೆಂದು ಹೇಳುತ್ತದೆ. 3ನೇ ಸಂಖ್ಯೆಯದು ಹೆಚ್ಚುಕಡಿಮೆ ಚಪ್ಪಟೆ, 9ನೆಯದು ಅರ್ಧವೃತ್ತಕ್ಕೆ ಹತ್ತಿರ. 3ರಲ್ಲಿ 12 ಮಿ.ಮೀ., 7ರಲ್ಲಿ 8 ಮಿ.ಮೀ., 9ರಲ್ಲಿ 5 ಮಿ.ಮೀ. ಅಗಲದವು ಈ ಕೆಲಸಕ್ಕೆ ಸಾಕು. ಜೊತೆಗೆ ಮರದ ಕೊಡತಿ, ಸಣ್ಣ ಹಲ್ಲಿನ ಗರಗಸ, ದಿಮ್ಮಿಯನ್ನು ಹಿಡಿದಿಡುವ ಕ್ಲಾಂಪು.

ಸಾಣೆಯ ವಿಷಯದಲ್ಲಿ ನಾನು ಸ್ವಲ್ಪ ಕಠಿಣ. ಉಳಿಯ ಬಾಯಿಯ ಇಳಿಜಾರು 20ರಿಂದ 25 ಡಿಗ್ರಿ ಇರಲಿ. 1000 ಗ್ರಿಟ್ಟಿನ (ಈ ಸಂಖ್ಯೆ ಹೆಚ್ಚಿದಷ್ಟೂ ಕಣ ಸಣ್ಣ) ಕಲ್ಲಿನಲ್ಲಿ ಬಾಯಿ ತೆಗೆದು, 6000 ಗ್ರಿಟ್ಟಿನಲ್ಲಿ ಹೊಳಪು ಕೊಟ್ಟು, ಹಸಿರು ಕ್ರೋಮಿಯಂ ಆಕ್ಸೈಡ್ ಸವರಿದ ಚರ್ಮದ ಪಟ್ಟಿಯ ಮೇಲೆ ಹಿಮ್ಮುಖವಾಗಿ ಎಳೆಯಿರಿ. ಕೆಲಸದ ನಡುವೆ ಅರ್ಧ ಗಂಟೆಗೊಮ್ಮೆ ಆ ಚರ್ಮಕ್ಕೆ ಹತ್ತು ಸಲ ಎಳೆದರೆ ಕಲ್ಲಿನ ಹತ್ತಿರ ಹೋಗುವ ಪ್ರಮೇಯ ಅಪರೂಪ. ಪರೀಕ್ಷೆ ಸುಲಭ: ಬೇಡದ ತುಂಡೊಂದರಲ್ಲಿ ನಾರಿಗೆ ಅಡ್ಡಲಾಗಿ ಒಂದು ಗೀರು ತೆಗೆಯಿರಿ. ಗೀರಿನ ತಳ ಗಾಜಿನಂತೆ ಮಿನುಗಿದರೆ ಹರಿತವಾಗಿದೆ, ಹತ್ತಿಯಂತೆ ಎದ್ದರೆ ಮತ್ತೆ ಕಲ್ಲಿಗೆ.

ಮೊಂಡು ಉಳಿಯೇ ಬೆರಳು ಕೊಯ್ಯುವುದು, ಏಕೆಂದರೆ ಮೊಂಡಾದಾಗ ನೀವು ತಳ್ಳುತ್ತೀರಿ, ತಳ್ಳಿದ್ದು ಜಾರುತ್ತದೆ. ಕೆಲಸ ಹಿಡಿದ ಕೈಗೆ ಕೊಯ್ತ ತಡೆಯುವ ಕೈಗವಸು, ಚಾಕು ಹಿಡಿದ ಕೈಯ ಹೆಬ್ಬೆರಳಿಗೆ ಚರ್ಮದ ಟೋಪಿ ಇರಲಿ. ಕೊಡತಿಯಿಂದ ಹೊಡೆಯುವಾಗ ಎರಡೂ ಕೈ ಉಳಿಯ ಬಾಯಿಗಿಂತ ಹಿಂದಿರಬೇಕು. ಮರದ ಧೂಳನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿ ಅದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಉಜ್ಜುವಾಗ ಮುಖಕ್ಕೆ ಮಾಸ್ಕ್ ಕಡ್ಡಾಯ.

ಹಂತ 1: ಮಾದರಿಯನ್ನು ಓದುವುದು

ನಿಜವಾದ ಬಾಳೆಹಣ್ಣನ್ನು ಮೇಜಿನ ಮೇಲಿಡಿ. ನೆನಪಿನಿಂದ ಕೆತ್ತಿದ ಬಾಳೆಹಣ್ಣು ಹಳದಿ ಸೌತೆಕಾಯಿಯಾಗುತ್ತದೆ, ಅನುಭವದ ಮಾತು. ಕಣ್ಣು ಮುಚ್ಚಿ ಬೆರಳಿನಿಂದ ತಡವಿ. ಸಿಪ್ಪೆಯ ಮೇಲೆ ಏಣುಗಳಿವೆ, ಸಾಮಾನ್ಯವಾಗಿ ಐದು, ಅವುಗಳ ನಡುವಿನ ಅಂತರ ಒಂದೇ ಸಮನಿಲ್ಲ. ಹಣ್ಣು ಬಲಿತಷ್ಟೂ ಏಣು ಮೊಂಡಾಗುತ್ತದೆ. ತೊಟ್ಟಿನ ಕಡೆ ಏಣುಗಳೆಲ್ಲ ಒಂದುಗೂಡಿ ಕುತ್ತಿಗೆಯಾಗುತ್ತವೆ. ಇನ್ನೊಂದು ತುದಿಯಲ್ಲಿ ಹೂವು ಉದುರಿದ ಕಪ್ಪು ಗುರುತು. ಹಣ್ಣಿನ ಬಾಗು ಕೂಡ ಕಂಪಾಸಿನಿಂದ ಎಳೆದ ಕಮಾನಲ್ಲ. ಒಂದು ಕಡೆ ಹೆಚ್ಚು ಬಾಗಿ ಇನ್ನೊಂದು ಕಡೆ ನೇರವಾಗಿರುತ್ತದೆ.

ಈಗ ಅರ್ಧ ಸುಲಿದು ಕಚ್ಚಿ. ತಿನ್ನಬೇಡಿ, ನೋಡಿ. ಸಿಪ್ಪೆಯ ಒಳಮೈಯಲ್ಲಿ ಬಿಳಿ ನಾರಿನ ಎಳೆಗಳು. ಸಿಪ್ಪೆಯ ಪಟ್ಟಿಗಳು ಮೊದಲು ಹೊರಗೆ ಹಾರಿ ಆಮೇಲೆ ತಮ್ಮ ಭಾರಕ್ಕೆ ಕೆಳಗೆ ಬಾಗುತ್ತವೆ, ಒಂದೊಂದೂ ಒಂದೊಂದು ಉದ್ದ. ತಿರುಳನ್ನು ಬೆರಳಿನಿಂದ ಒತ್ತಿದರೆ ಉದ್ದಕ್ಕೆ ಮೂರು ಭಾಗವಾಗಿ ಬಿಡಿಸಿಕೊಳ್ಳುತ್ತದೆ. ಆ ಮೂರು ಸಂದುಗಳು ಹೊರಮೈಯಲ್ಲೂ ತೆಳುವಾಗಿ ಕಾಣುತ್ತವೆ. ಈ ಸಣ್ಣ ಸಂದು ಕೆತ್ತನೆಯಲ್ಲಿ ಬಂದರೆ ನೋಡುವವನ ಮೆದುಳು ಮರುಮಾತಿಲ್ಲದೆ ‘ಬಾಳೆಹಣ್ಣು’ ಎನ್ನುತ್ತದೆ. ಬಾರದಿದ್ದರೆ ಏನೋ ಕಡಿಮೆಯಾಗಿದೆ ಎನಿಸುತ್ತದೆ, ಏನೆಂದು ಹೇಳಲು ಬರುವುದಿಲ್ಲ.

ಮೇಲಿನಿಂದ, ಮುಂದಿನಿಂದ, ಪಕ್ಕದಿಂದ ಚಿತ್ರ ತೆಗೆದುಕೊಂಡು ನಿಜದ ಅಳತೆಗೆ ಮುದ್ರಿಸಿ. ಹಣ್ಣು ಎರಡು ದಿನದಲ್ಲಿ ಕಪ್ಪಾಗುತ್ತದೆ, ನಿಮ್ಮ ಕೆಲಸ ಎರಡು ದಿನದಲ್ಲಿ ಮುಗಿಯುವುದಿಲ್ಲ. ಜೇಡಿಮಣ್ಣಿನಲ್ಲಿ ಒಂದು ಕಚ್ಚಾ ರೂಪ ಮಾಡಿಕೊಳ್ಳುವುದು ಇನ್ನೂ ಒಳ್ಳೆಯದು. ಮಣ್ಣಿಗೆ ಮರಳಿ ಅಂಟಿಸಬಹುದು, ಮರಕ್ಕೆ ಆಗುವುದಿಲ್ಲ.

ಹಂತ 2: ದಿಮ್ಮಿ ಮತ್ತು ನಾರಿನ ದಿಕ್ಕು

ಸುಮಾರು 200 ಮಿ.ಮೀ. ಉದ್ದ, 90 ಮಿ.ಮೀ. ಅಗಲ, 90 ಮಿ.ಮೀ. ದಪ್ಪದ ತುಂಡು ತೆಗೆದುಕೊಳ್ಳಿ. ಹಣ್ಣಿಗಿಂತ ದಪ್ಪ ಬೇಕಿರುವುದು ಹೊರಗೆ ಹಾರಿದ ಸಿಪ್ಪೆಗಾಗಿ. ನಾರು ಹಣ್ಣಿನ ಉದ್ದಕ್ಕೇ ಹೋಗಬೇಕು. ಇದರಿಂದ ಎರಡು ಲಾಭ. ತೆಳ್ಳನೆಯ ತೊಟ್ಟು ಗಟ್ಟಿಯಾಗಿರುತ್ತದೆ. ತುದಿಯಲ್ಲಿ ಕಚ್ಚಿದ ಜಾಗ ನಾರಿಗೆ ಅಡ್ಡ ಬರುವುದರಿಂದ ಅಲ್ಲಿ ಉಂಗುರಗಳು ತಾವಾಗಿಯೇ ಕಾಣಿಸಿಕೊಳ್ಳುತ್ತವೆ. ತಮಾಷೆಯನ್ನು ಮರವೇ ಹೇಳುತ್ತದೆ.

ಪಕ್ಕದ ನೋಟದ ಚಿತ್ರವನ್ನು ಒಂದು ಮುಖಕ್ಕೂ ಮುಂದಿನ ನೋಟವನ್ನು ಪಕ್ಕದ ಮುಖಕ್ಕೂ ಅಂಟಿಸಿ. ಒಂದು ಮುಖದ ಗೆರೆಯಂತೆ ಗರಗಸದಿಂದ ಕೊಯ್ಯಿರಿ. ಬಿದ್ದ ತುಂಡುಗಳನ್ನು ಟೇಪಿನಿಂದ ಮತ್ತೆ ಅವುಗಳ ಜಾಗಕ್ಕೇ ಕಟ್ಟಿ, ದಿಮ್ಮಿಯನ್ನು ತಿರುಗಿಸಿ ಇನ್ನೊಂದು ಮುಖದ ಗೆರೆಯಂತೆ ಕೊಯ್ಯಿರಿ. ಟೇಪು ಬಿಚ್ಚಿದಾಗ ಕೈಯಲ್ಲಿ ಉಳಿಯುವುದು ಚೌಕಾಕಾರದ, ಮೂಲೆಮೂಲೆಯ ಬಾಳೆಹಣ್ಣು. ಗೆರೆಯಿಂದ 3 ಮಿ.ಮೀ. ಹೊರಗೇ ಕೊಯ್ದಿರಿ ತಾನೆ? ಇಲ್ಲದಿದ್ದರೆ ಹಣ್ಣು ಮುಗಿಯುವ ಹೊತ್ತಿಗೆ ಬೀನ್ಸ್ ಆಗಿರುತ್ತದೆ.

ಹಂತ 3: ಒರಟು ಕೆತ್ತನೆ

7ನೇ ಸಂಖ್ಯೆಯ ದುಂಡುಳಿ ಮತ್ತು ಕೊಡತಿಯಿಂದ ಮೂಲೆಗಳನ್ನು ಇಳಿಸಿ. ಈ ಕಸುಬಿನ ಅರ್ಧ ವಿದ್ಯೆ ಒಂದೇ ಸಾಲಿನಲ್ಲಿದೆ: ಇಳಿಜಾರಿನ ಕಡೆಗೆ ಕೆತ್ತಿ. ಉಬ್ಬಿದ ಜಾಗದಿಂದ ತಗ್ಗಿನ ಕಡೆಗೆ ಹೋದರೆ ನಾರು ಒಂದರ ಮೇಲೊಂದು ಮಲಗುತ್ತದೆ, ಚಕ್ಕೆ ಸುರುಳಿಯಾಗಿ ಎದ್ದು ಬರುತ್ತದೆ. ತಗ್ಗಿನಿಂದ ಮೇಲಕ್ಕೆ ಹೋದರೆ ಉಳಿ ನಾರಿನ ನಡುವೆ ನುಗ್ಗಿ ಸೀಳುತ್ತದೆ. ಬಾಳೆಹಣ್ಣು ಬಾಗಿರುವುದರಿಂದ ಹೊರಮೈಯಲ್ಲಿ ನಡುವಿನಿಂದ ತುದಿಗಳ ಕಡೆಗೆ, ಒಳಮೈಯಲ್ಲಿ ತುದಿಗಳಿಂದ ನಡುವಿನ ಕಡೆಗೆ ಕೆತ್ತಬೇಕು. ಗೊಂದಲವಾದರೆ ಕಿವಿಗೊಡಿ. ಸರಿಯಾದ ದಿಕ್ಕಿನಲ್ಲಿ ಸದ್ದು ಸರ್ರನೆ ಬರುತ್ತದೆ, ತಪ್ಪಿದಾಗ ಟಕಟಕ ಎನ್ನುತ್ತದೆ. ಕೈ ನಿಲ್ಲಿಸಿ ಕೆಲಸವನ್ನು ತಿರುಗಿಸಿ.

ನಡುಗೆರೆಯನ್ನು ಪೆನ್ಸಿಲಿನಿಂದ ಮತ್ತೆ ಮತ್ತೆ ಎಳೆಯುತ್ತಿರಿ. ಅದು ಅಳಿಸಿಹೋದ ದಿನ ಹಣ್ಣು ಒಂದು ಕಡೆಗೆ ತಿರುಚಿಕೊಳ್ಳುತ್ತದೆ, ನಿಮಗದು ವಾರದ ನಂತರ ಗೊತ್ತಾಗುತ್ತದೆ.

ಸಿಪ್ಪೆ ಮತ್ತು ತಿರುಳು ಬೇರೆಯಾಗುವ ಕಡೆ ಚಾಕುವಿನಿಂದ ನೇರವಾಗಿ ಒಂದು ತಡೆಗೀರು ಹಾಕಿ, ಆಮೇಲೆ ಪಕ್ಕದಿಂದ ಗೀರಿನವರೆಗೆ ಕೆತ್ತಿ. ತಡೆಗೀರಿಲ್ಲದೆ ಕೆತ್ತಿದರೆ ಚಕ್ಕೆ ತನ್ನ ಇಷ್ಟದ ಜಾಗದವರೆಗೆ ಓಡುತ್ತದೆ.

ಹಂತ 4: ಸಿಪ್ಪೆ, ಎಂದರೆ ಕಷ್ಟ

ಇಲ್ಲಿಯವರೆಗಿನದು ಕೂಲಿ ಕೆಲಸ, ಕಲೆ ಇಲ್ಲಿದೆ. ಹೊರಗೆ ಹಾರಿ ಕೆಳಗೆ ಬಾಗಿದ ಪಟ್ಟಿಯ ಮೇಲ್ಬಾಗುವಿನಲ್ಲಿ ನಾರು ಪಟ್ಟಿಗೆ ಅಡ್ಡವಾಗುತ್ತದೆ. ಅಲ್ಲಿ ಮರದ ಶಕ್ತಿ ಬಿಸ್ಕತ್ತಿನಷ್ಟು. ಮೂರು ಉಪಾಯಗಳಿವೆ. ಮೊದಲನೆಯದು, ಬಾಗುವಿನ ಜಾಗವನ್ನು 5 ಮಿ.ಮೀ. ದಪ್ಪ ಉಳಿಸಿ ಅಂಚನ್ನು ಮಾತ್ರ 1.5 ಮಿ.ಮೀ.ಗೆ ಇಳಿಸುವುದು. ಕಣ್ಣು ನೋಡುವುದು ಅಂಚನ್ನೇ, ಇಡೀ ಪಟ್ಟಿ ತೆಳುವಾಗಿದೆ ಎಂದು ನಂಬುತ್ತದೆ. ಎರಡನೆಯದು, ಪಟ್ಟಿಯ ತುದಿ ಎಲ್ಲೋ ಒಂದು ಕಡೆ ಹಣ್ಣಿನ ಮೈಗೆ ತಾಗಿಕೊಂಡಂತೆ ಮಾಡುವುದು. ಎರಡೂ ಕಡೆ ಆಧಾರ ಸಿಕ್ಕಿದ ಸೇತುವೆ ಸುಲಭಕ್ಕೆ ಮುರಿಯುವುದಿಲ್ಲ. ಮೂರನೆಯದು, ಒರಟು ರೂಪ ಬಂದ ಮೇಲೆ ಬಾಗುವಿನ ಜಾಗಕ್ಕೆ ಕ್ಷಣದಲ್ಲಿ ಹಿಡಿಯುವ ತೆಳುವಾದ ಸೈನೊಅಕ್ರಿಲೇಟ್ ಅಂಟನ್ನು ಕುಡಿಸಿ ಗಟ್ಟಿಮಾಡಿ, ಆಮೇಲೆ ನಯಗೊಳಿಸುವುದು. ಅಂಟು ಕುಡಿದ ಜಾಗ ನೀರಿನಂಥ ಬಣ್ಣವನ್ನು ಹೀರುವುದಿಲ್ಲ, ನೆನಪಿಡಿ.

ಪಟ್ಟಿಯ ಒಳಭಾಗವನ್ನು ಮೊದಲು ಮುಗಿಸಿ, ಹೊರಭಾಗ ಆಮೇಲೆ. ಒಳಗೆ ಉಳಿ ಆಡಿಸುವಾಗ ಹೊರಗೆ ದಪ್ಪ ಮರ ಬೆನ್ನಿಗಿರಬೇಕು. ಒಳಮೈಯ ನಾರೆಳೆಗಳಿಗೆ ವಿ ಉಳಿಯಿಂದ ಉದ್ದುದ್ದ ತೆಳುಗೀರುಗಳು ಸಾಕು. ಒಂದೆರಡು ಎಳೆಗಳನ್ನು ಎತ್ತರಿಸಿ ಬಿಟ್ಟರೆ ಸುಲಿದಾಗ ನೇತಾಡುವ ನಾರಿನಂತೆ ಕಾಣುತ್ತವೆ.

ಮುರಿದರೆ? ಮುರಿಯುತ್ತದೆ. ತುಂಡನ್ನು ಹುಡುಕಿ, ಬಡಗಿಗಳ ಬಿಳಿ ಪಿವಿಎ ಅಂಟು ಹಚ್ಚಿ, ಟೇಪು ಸುತ್ತಿ ರಾತ್ರಿಯಿಡೀ ಬಿಡಿ. ಹೊಸ ಮುರಿತ ತನ್ನಷ್ಟಕ್ಕೆ ತಾನೇ ಕೂಡಿಕೊಳ್ಳುತ್ತದೆ, ಆದ್ದರಿಂದ ಮುರಿದ ಮುಖವನ್ನು ಉಜ್ಜಬೇಡಿ. ನನ್ನ ಎರಡನೆಯ ಬಾಳೆಹಣ್ಣಿನಲ್ಲಿ ಮುರಿದ ಪಟ್ಟಿಯ ಮೇಲೆ ಜಾಣತನ ತೋರಿಸಲು ಹೋಗಿ ಪುಟ್ಟ ಬ್ಯಾಂಡೇಜೊಂದನ್ನು ಕೆತ್ತಿ ಅಂಟಿಸಿದೆ. ನೋಡಿದವರೆಲ್ಲ ನಕ್ಕರು. ಬ್ಯಾಂಡೇಜಿಗೆ ನಕ್ಕರು. ಕಚ್ಚಿದ ಜಾಗದ ಉಂಗುರಗಳನ್ನು ಒಬ್ಬರೂ ನೋಡಲಿಲ್ಲ. ‘ಮತ್ತು’ ಬೇಡ ಎಂದು ಮೊದಲೇ ಹೇಳಿದ್ದು ಇದಕ್ಕೇ.

ಹಂತ 5: ಕಚ್ಚಿದ ಗುರುತು

ಈ ಕೆತ್ತನೆಯ ಅತಿ ಚಿಕ್ಕ ಜಾಗ ಇದು, ಇದಕ್ಕೆ ಒಂದಿಡೀ ದಿನ ಕೊಡಿ. ನೀವು ಕಚ್ಚಿದ ಹಣ್ಣನ್ನು ಬೆಳಕಿಗೆ ಹಿಡಿಯಿರಿ. ಅದು ಚಮಚದಿಂದ ತೋಡಿದ ಗುಳಿಯಂತಿಲ್ಲ. ಮೇಲಿನ ಹಲ್ಲುಗಳು ಇಳಿದ ಕಡೆ ಸಾಲಾಗಿ ಅಗಲದ ತಗ್ಗುಗಳು, ಎರಡು ತಗ್ಗುಗಳ ನಡುವೆ ಚೂಪಾದ ಸಣ್ಣ ಏಣು. ಕೆಳಗಿನ ಹಲ್ಲುಗಳ ಗುರುತು ಕಿರಿದು. ಎರಡೂ ಸೇರುವ ಕಡೆ ತಿರುಳು ಕೊಯ್ದಂತಿರದೆ ಕಿತ್ತು ಬಂದಂತಿರುತ್ತದೆ. ಮೇಲಿನ ನಡುಹಲ್ಲಿನ ಅಗಲ ಸಾಮಾನ್ಯವಾಗಿ 8.5 ಮಿ.ಮೀ. ಆಸುಪಾಸು, ಹಾಗಾಗಿ 8 ಮಿ.ಮೀ.ನ ದುಂಡುಳಿ ಒಂದೊಂದು ಹಲ್ಲಿಗೆ ಒಂದೊಂದು ಏಟಿನಂತೆ ಸರಿಹೋಗುತ್ತದೆ. ಕೆಳಹಲ್ಲುಗಳಿಗೆ 5 ಮಿ.ಮೀ.ನದು. ಕಿತ್ತ ಜಾಗವನ್ನು ಚಾಕುವಿನ ತುದಿಯಿಂದ ಬೇಕೆಂದೇ ಒರಟಾಗಿ ಬಿಡಿ.

ಅಡ್ಡನಾರಿನಲ್ಲಿ ಉಳಿ ಪುಡಿಪುಡಿ ಮಾಡುತ್ತದೆ. ಸ್ಪಿರಿಟ್ ಮತ್ತು ನೀರನ್ನು ಸಮನಾಗಿ ಬೆರೆಸಿ ಆ ಜಾಗಕ್ಕೆ ಸಿಂಪಡಿಸಿ, ಒಂದು ನಿಮಿಷ ಬಿಟ್ಟು ಕೆತ್ತಿ. ಮರ ಮೆತ್ತಗಾಗಿ ಚೊಕ್ಕವಾಗಿ ಕೊಯ್ಯುತ್ತದೆ. ಇಲ್ಲಿ ಮರಳು ಕಾಗದ ಮುಟ್ಟಿಸಲೇಬೇಡಿ. ಉಜ್ಜಿದ ಅಡ್ಡನಾರಿನ ರಂಧ್ರಗಳಲ್ಲಿ ಧೂಳು ತುಂಬಿ ಉಂಗುರಗಳು ಮಂಕಾಗುತ್ತವೆ.

ನನ್ನ ಮೇಲಿನ ಎರಡು ಹಲ್ಲುಗಳ ನಡುವೆ ಸಂದಿದೆ. ಕೆತ್ತುವಾಗ ಅದನ್ನೂ ಹಾಗೆಯೇ ಕೆತ್ತಿದ್ದೆ, ಬೇರೆ ಮಾದರಿ ಇರಲಿಲ್ಲವಲ್ಲ. ಮನೆಯವರು ಕಲಾಕೃತಿಯನ್ನು ಒಂದು ಕ್ಷಣ ನೋಡಿ, ‘ಇದನ್ನು ಕಚ್ಚಿದವರು ಯಾರೆಂದು ಗೊತ್ತಾಯಿತು’ ಎಂದರು. ಅಲ್ಲಿಂದೀಚೆಗೆ ಸಂದು ನನ್ನ ಸಹಿಯಾಗಿದೆ.

ಹಂತ 6: ನಯ

ಉಳಿ, ಚಾಕುಗಳ ಕೆಲಸ ಪೂರ್ತಿ ಮುಗಿದ ಮೇಲಷ್ಟೇ ಮರಳು ಕಾಗದ. ಕಾಗದದ ಕಣಗಳು ಮರದಲ್ಲಿ ಸಿಕ್ಕಿಕೊಂಡಿರುತ್ತವೆ, ಮತ್ತೆ ಉಳಿ ಹಾಕಿದರೆ ಅದರ ಬಾಯಿ ಹೋಗುತ್ತದೆ. ಸಿಪ್ಪೆಯ ಹೊರಮೈಗೆ 120, 180, 240, 320 ಗ್ರಿಟ್ ಎಂದು ಕ್ರಮವಾಗಿ ನಾರಿನ ದಿಕ್ಕಿನಲ್ಲಿ ಉಜ್ಜಿ. 240ರ ನಂತರ ಒದ್ದೆ ಬಟ್ಟೆಯಿಂದ ಒರೆಸಿ ಒಣಗಲು ಬಿಟ್ಟರೆ ನಾರಿನ ರೋಮಗಳು ಎದ್ದು ನಿಲ್ಲುತ್ತವೆ. 320ರಲ್ಲಿ ಅವನ್ನು ಬೋಳಿಸಿಬಿಡಿ. ಇದನ್ನು ಈಗ ಮಾಡದಿದ್ದರೆ ಬಣ್ಣ ಹಚ್ಚಿದಾಗ ಎದ್ದು ನಿಲ್ಲುತ್ತವೆ. ಏಣುಗಳನ್ನು ಉಜ್ಜಿ ಅಳಿಸಬೇಡಿ. ತಿರುಳಿನ ಮೈಗೆ ಚಾಕುವಿನ ಗುರುತುಗಳೇ ಚೆನ್ನ.

ಹಂತ 7: ಬಣ್ಣ

ಮೊದಲು ಕಚ್ಚಿದ ಜಾಗಕ್ಕೆ ಎರಡು ಸಲ ತೆಳು ಶೆಲ್ಯಾಕ್ (ಅರಗಿನ ವಾರ್ನಿಶ್) ಹಚ್ಚಿ. ಅಡ್ಡನಾರು ಸ್ಟ್ರಾಗಳ ಕಟ್ಟಿನಂತೆ. ಪಕ್ಕದಲ್ಲಿ ಹಚ್ಚಿದ ಹಳದಿಯನ್ನು ಗಟಗಟ ಕುಡಿದುಬಿಡುತ್ತದೆ. ಉಳಿದ ಕಡೆಗೆ ಅಕ್ರಿಲಿಕ್ ಬಣ್ಣವನ್ನು ಹಾಲಿನಷ್ಟು ತೆಳುವಾಗಿ ನೀರು ಬೆರೆಸಿ ನಾಲ್ಕೈದು ಪದರ ಹಚ್ಚಿ. ಮೊದಲ ಪದರ ತುಸು ಹಸಿರು ಬೆರೆತ ತಿಳಿಹಳದಿ, ಮೇಲಿನವು ಬೆಚ್ಚನೆಯ ಹಳದಿ. ತೊಟ್ಟಿನ ಹತ್ತಿರ ಹಸಿರು ಇಣುಕಬೇಕು. ಕಂದು ಚುಕ್ಕೆಗಳು ಎಲ್ಲೆಡೆ ಸಮನಾಗಿ ಬಿದ್ದರೆ ಚಿರತೆಯಾಗುತ್ತದೆ. ಏಣುಗಳ ಮೇಲೆ, ಕೈ ತಾಗುವ ಕಡೆ ಗುಂಪುಗುಂಪಾಗಿ ಇಡಿ. ತಿರುಳಿಗೆ ಬಿಳಿ ಹಚ್ಚಬೇಡಿ, ಬಾಳೆಯ ತಿರುಳು ಬಿಳಿಯಲ್ಲ. ಲಿಂಡೆನ್ನಿನ ಕೆನೆಬಣ್ಣವೇ ಅದಕ್ಕೆ ತೀರ ಹತ್ತಿರ, ಹಾಗೆಯೇ ಬಿಡಿ.

ಕಚ್ಚಿದ ಜಾಗಕ್ಕೆ ಕೊನೆಯಲ್ಲಿ ಒಂದು ಹನಿ ಎಣ್ಣೆ ಸವರಿದರೆ ಉಂಗುರಗಳು ಸ್ವಲ್ಪ ಗಾಢವಾಗುತ್ತವೆ. ಲಿಂಡೆನ್ನಿನ ಉಂಗುರಗಳು ಸ್ವಭಾವತಃ ಮೆಲುದನಿಯವು. ಕೇಳಿಸದಿದ್ದರೆ ಚೂಪು ಕಂದು ಪೆನ್ಸಿಲಿನಿಂದ ಇರುವ ಗೆರೆಗಳ ಮೇಲೆಯೇ ಹಗುರವಾಗಿ ತಿದ್ದಿ. ಇದು ಮೋಸವೇ ಎಂದು ಕೇಳಿದವರಿದ್ದಾರೆ. ಬಾಳೆಹಣ್ಣೇ ಸುಳ್ಳಾಗಿರುವಾಗ ಸಾಕ್ಷಿಯನ್ನು ಸ್ವಲ್ಪ ತಿದ್ದಿದರೆ ಏನು ಮಹಾ!

ಹೊಳಪಿನ ಬಗ್ಗೆ ಎಚ್ಚರ. ಇಡೀ ಕೃತಿಗೆ ಮಿರಮಿರ ವಾರ್ನಿಶ್ ಹೊಡೆದರೆ ಪ್ಲಾಸ್ಟಿಕ್ ಹಣ್ಣಾಗುತ್ತದೆ. ಸಿಪ್ಪೆಗೆ ಜೇನುಮೇಣದ ಮಂದ ಹೊಳಪು ಸಾಕು. ಮೊಟ್ಟೆ, ಬೆಣ್ಣೆಯಂಥ ಒದ್ದೆ ತಿನಿಸುಗಳಿಗೆ ಮಾತ್ರ ಹೊಳಪಿನ ವಾರ್ನಿಶ್. ಅಗಸೆ ಎಣ್ಣೆ ಬಳಸಿದ್ದರೆ ಆ ಬಟ್ಟೆಯನ್ನು ಉಂಡೆ ಮಾಡಿ ಬುಟ್ಟಿಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಹುಟ್ಟುವ ಶಾಖ ಉಂಡೆಯೊಳಗೆ ಸಿಕ್ಕಿಕೊಂಡು ತಾನಾಗಿಯೇ ಬೆಂಕಿ ಹತ್ತಬಹುದು. ಬಟ್ಟೆಯನ್ನು ಹರವಿ ಒಣಗಿಸಿ ಅಥವಾ ನೀರಿನಲ್ಲಿ ಮುಳುಗಿಸಿಡಿ.

ಮುಂದಿನ ಕೆಲಸಗಳಿಗೆ ಕೆಲವು ಸೂಚನೆ

ಬ್ರೆಡ್ಡಿನ ರಂಧ್ರಗಳನ್ನು ಡ್ರಿಲ್ಲಿನಿಂದ ಕೊರೆದರೆ ಅದು ಸ್ಪಂಜಾಗುತ್ತದೆ. ಬೇರೆ ಬೇರೆ ಅಗಲದ ದುಂಡುಳಿಗಳನ್ನು ಬೇರೆ ಬೇರೆ ಕೋನದಲ್ಲಿ ತಿರುಗಿಸಿ ತೆಗೆಯಿರಿ, ಹೊರಪದರದ ಹತ್ತಿರ ರಂಧ್ರಗಳು ಚಿಕ್ಕದಾಗಿ ಒತ್ತೊತ್ತಾಗಿರಲಿ. ಕಾಲುಚೀಲ ಕೆತ್ತುವಾಗ ಹೆಣಿಗೆಯ ಸಾಲುಗಳನ್ನು ಕೊನೆಗೆ ಗೀರಿ, ಮೊದಲು ಮಡಿಕೆಗಳನ್ನು ಗೆಲ್ಲಿ. ಬಟ್ಟೆ ಎಲ್ಲಿಂದ ನೇತಾಡುತ್ತದೆಯೋ ಅಲ್ಲಿಂದಲೇ ಮಡಿಕೆಗಳೆಲ್ಲ ಹೊರಡುತ್ತವೆ. ಗಂಟು ಹಾಕಿದ ಪೆನ್ಸಿಲಿಗೆ ಮೊದಲು ದಪ್ಪ ಹಗ್ಗದಲ್ಲಿ ಗಂಟು ಹಾಕಿ ಎದುರಿಗಿಟ್ಟುಕೊಳ್ಳಿ. ಪೆನ್ಸಿಲಿನ ಆರು ಮುಖಗಳೂ ಗಂಟಿನ ಉದ್ದಕ್ಕೂ ತಪ್ಪದೆ ಸಾಗಬೇಕು. ನಾನು ಎರಡು ಸಲ ಲೆಕ್ಕ ತಪ್ಪಿ ಒಳಗೆ ಹೋದ ಆರು ಮುಖ ಹೊರಗೆ ಬರುವಾಗ ಏಳಾಗಿತ್ತು. ಕರಗುವ ಚಮಚಕ್ಕೆ ಮಾತ್ರ ಬಣ್ಣವೇ ಬೇಡ, ಕೆಳಗೆ ಜಮಾಯಿಸಿದ ಹನಿಯ ಅಂಚು ದುಂಡಾಗಿ ಉಬ್ಬಿದ್ದರೆ ಸಾಕು.

ಎಲ್ಲಿಡಬೇಕು

ಪೀಠದ ಮೇಲೆ, ಗಾಜಿನ ಪೆಟ್ಟಿಗೆಯಲ್ಲಿ, ಹೆಸರಿನ ಫಲಕದೊಂದಿಗೆ ಇಟ್ಟರೆ ನೋಡುವವರು ಮೊದಲೇ ಸಿದ್ಧರಾಗಿ ಬರುತ್ತಾರೆ. ಬಾಳೆಹಣ್ಣು ಇರಬೇಕಾದ್ದು ಹಣ್ಣಿನ ಬುಟ್ಟಿಯಲ್ಲಿ, ಕಚ್ಚಿದ ಮುಖ ಅರ್ಧ ಮರೆಯಾಗಿ. ಒಣಗಿದ ಲಿಂಡೆನ್ನಿನ ತೂಕ ಅಷ್ಟೇ ಗಾತ್ರದ ನೀರಿನ ತೂಕದ ಸುಮಾರು ಅರ್ಧ. ನಿಜವಾದ ಹಣ್ಣು ಹೆಚ್ಚುಕಡಿಮೆ ನೀರಿನಷ್ಟೇ ಭಾರ. ಎತ್ತಿಕೊಂಡವರ ಕೈ ಆ ಭಾರಕ್ಕೆ ತಯಾರಾಗಿ ಬಂದಿರುತ್ತದೆ, ಹಾಗಾಗಿ ಬೇಕಾದ್ದಕ್ಕಿಂತ ಮೇಲಕ್ಕೆ ಹಾರುತ್ತದೆ. ಕಣ್ಣಿಗಿಂತ ಮೊದಲು ಮಣಿಕಟ್ಟಿಗೆ ವಿಷಯ ತಿಳಿಯುತ್ತದೆ. ಒಳಗೆ ಸೀಸ ತುಂಬಿ ತೂಕ ಸರಿಮಾಡಿದವರನ್ನು ನೋಡಿದ್ದೇನೆ. ಆ ಮಣಿಕಟ್ಟಿನ ಬೆಚ್ಚುವಿಕೆಯನ್ನೇ ಅವರು ಕಳೆದುಕೊಂಡರು.

ಚಿಕ್ಕ ಮಕ್ಕಳಿರುವ ಮನೆಯಾದರೆ ಇದು ಬಾಯಿಗೆ ಹೋಗಿಯೇ ಹೋಗುತ್ತದೆ ಎಂದುಕೊಂಡೇ ಬಣ್ಣ, ಮೇಣಗಳನ್ನು ಆರಿಸಿ, ಮುರಿಯುವಂಥ ಸಿಪ್ಪೆಯಿದ್ದರೆ ಎತ್ತರದಲ್ಲಿಡಿ. ನೇರ ಬಿಸಿಲು ಬೀಳುವ ಕಿಟಕಿ ಬೇಡ, ಹಳದಿ ಮಾಸುತ್ತದೆ. ಜೊತೆಯಲ್ಲಿರುವ ನಿಜವಾದ ಹಣ್ಣುಗಳನ್ನು ಮೂರು ನಾಲ್ಕು ದಿನಕ್ಕೊಮ್ಮೆ ಬದಲಿಸುತ್ತಿರಿ. ಸುತ್ತಲಿನವೆಲ್ಲ ಕಪ್ಪಾಗಿ ಇದೊಂದೇ ಹಳದಿಯಾಗಿ ಉಳಿದರೆ ಗುಟ್ಟು ರಟ್ಟಾಗುತ್ತದೆ. ಇರುವೆಗಳನ್ನಂತೂ ಮೋಸಗೊಳಿಸಲು ನನಗೆ ಈವರೆಗೆ ಸಾಧ್ಯವಾಗಿಲ್ಲ, ಅವು ಬುಟ್ಟಿಯಲ್ಲಿ ಇದೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಹತ್ತುತ್ತವೆ.